ಐಸಿಯು ರೋಗಿಯ ರಕ್ತದಲ್ಲಿ ಅಪರೂಪದ ಬ್ಯಾಕ್ಟೀರಿಯಾ: ಕಲ್ಚರ್ ವರದಿ ಬಂದಾಗ ಇಡಬೇಕಾದ ಹೆಜ್ಜೆಗಳು

ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ಆಸ್ಪತ್ರೆಯಲ್ಲಿಯೇ ರಕ್ತದ ಸೋಂಕು ತಗುಲಿದೆ ಎಂದಾಗ ವೈದ್ಯರ ಮನಸ್ಸಿಗೆ ಬರುವ ಹೆಸರುಗಳು ಕೆಲವೇ. ಸ್ಟ್ಯಾಫಿಲೊಕಾಕಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್, ಎಂಟರೊಕಾಕಸ್ ಎಂಬ ಈ ಪಟ್ಟಿಗೇ ಇಂದಿಗೂ ಸಿಂಹಪಾಲು ಸಲ್ಲುತ್ತದೆ. ಆದರೆ ಇತ್ತೀಚಿನ ವರ್ಷಗಳ ಕಲ್ಚರ್ (ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಗಳಲ್ಲಿ ಎಲಿಜಬೆತ್‌ಕಿಂಗಿಯಾ, ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ, ರಾಲ್‌ಸ್ಟೋನಿಯಾ, ಸ್ಟೆನೊಟ್ರೊಫೊಮೊನಾಸ್, ಅಕ್ರೊಮೊಬ್ಯಾಕ್ಟರ್, ಕೊರಿನೆಬ್ಯಾಕ್ಟೀರಿಯಂ ಸ್ಟ್ರಯೇಟಂ ಮುಂತಾದ ಹೆಸರುಗಳು ಆಗಾಗ ಕಾಣಿಸಿಕೊಳ್ಳುತ್ತಿವೆ. ಇದಕ್ಕೆ ಕಾರಣ ಒಂದೇ ಅಲ್ಲ. ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಅಳೆದು ಹೆಸರು ಹೇಳುವ ಮಾಲ್ಡಿ-ಟಾಫ್ ಯಂತ್ರ ಬಂದ ಮೇಲೆ, ಹಿಂದೆ 'ಗ್ರಾಂ ನೆಗೆಟಿವ್ ಬ್ಯಾಸಿಲಸ್' ಎಂದಷ್ಟೇ ಬರೆದು ಮುಗಿಸುತ್ತಿದ್ದ ಜೀವಿಗಳಿಗೆ ಈಗ ನಿಮಿಷಗಳಲ್ಲಿ ಹೆಸರು ಸಿಗುತ್ತಿದೆ. ಇನ್ನೊಂದೆಡೆ ಕಾರ್ಬಪೆನೆಮ್ (ಮೆರೊಪೆನೆಮ್‌ನಂಥವು) ಮತ್ತು ಕೊಲಿಸ್ಟಿನ್ ಎಂಬ ಪ್ರಬಲ ಆ್ಯಂಟಿಬಯೋಟಿಕ್‌ಗಳ ಬಳಕೆ ಹೆಚ್ಚಿದ ಘಟಕಗಳಲ್ಲಿ, ಆ ಔಷಧಗಳಿಗೆ ಹುಟ್ಟಿನಿಂದಲೇ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಜಾಗ ತೆರವಾಗಿದೆ.

ಈ ಲೇಖನ ಐಸಿಯುವಿನ ಕಿರಿಯ ವೈದ್ಯರು, ಶುಶ್ರೂಷಾ ಸಿಬ್ಬಂದಿ, ಸೋಂಕು ನಿಯಂತ್ರಣ ತಂಡದವರು ಮತ್ತು ಪ್ರಯೋಗಾಲಯದವರನ್ನು ಉದ್ದೇಶಿಸಿದ್ದು. ಅಪರೂಪದ ಹೆಸರು ಬಂದ ಕೂಡಲೇ ಎಲ್ಲರೂ ಔಷಧದ ಹುಡುಕಾಟಕ್ಕೆ ಇಳಿಯುವುದು ಸಹಜ, ರೋಗಿಯ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಆ ಹೆಸರೇ ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂದಿರಬಹುದು ಎಂಬುದನ್ನೂ ಬಹುಮಟ್ಟಿಗೆ ಹೇಳುತ್ತದೆ. ಅದನ್ನು ಓದದೆ ಬಿಟ್ಟರೆ ಪಕ್ಕದ ಹಾಸಿಗೆಯ ರೋಗಿಗೂ ಅದೇ ಸೋಂಕು ತಗುಲುವ ಸಾಧ್ಯತೆ ಉಳಿದೇ ಇರುತ್ತದೆ.

ಹಂತ 1: ರಕ್ತ ತೆಗೆಯುವಾಗಲೇ ಎಚ್ಚರ ವಹಿಸಿ

ಮುಂದಿನ ಎಲ್ಲ ನಿರ್ಧಾರಗಳೂ ಮಾದರಿಯ ಗುಣಮಟ್ಟದ ಮೇಲೆ ನಿಂತಿವೆ. ವಯಸ್ಕರಲ್ಲಿ ಕನಿಷ್ಠ ಎರಡು ಸೆಟ್ ಬ್ಲಡ್ ಕಲ್ಚರ್ ಕಳುಹಿಸಬೇಕು, ಪ್ರತಿ ಸೆಟ್‌ಗೆ ಸುಮಾರು 20 ಮಿ.ಲೀ. ರಕ್ತವನ್ನು ಎರಡು ಬಾಟಲಿಗಳಲ್ಲಿ ತಲಾ 10 ಮಿ.ಲೀ.ಯಂತೆ ಹಂಚಬೇಕು. ಮಕ್ಕಳಲ್ಲಿ ತೂಕಕ್ಕೆ ತಕ್ಕ ಪ್ರಮಾಣ ಅನ್ವಯಿಸುತ್ತದೆ. ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವ ರೋಗಿಯಲ್ಲಿ ಒಂದು ಸೆಟ್ ಲೈನಿನಿಂದ, ಮತ್ತೊಂದು ಕೈಯ ರಕ್ತನಾಳದಿಂದ, ಎರಡನ್ನೂ ಒಂದೇ ಹೊತ್ತಿಗೆ ಮತ್ತು ಒಂದೇ ಪ್ರಮಾಣದಲ್ಲಿ ತೆಗೆದು, ಬಾಟಲಿಯ ಮೇಲೆ ಯಾವುದು ಎಲ್ಲಿಂದ ಎಂದು ಸ್ಪಷ್ಟವಾಗಿ ಬರೆಯಬೇಕು. ಲೈನಿನ ಬಾಟಲಿ ಕೈಯಿಂದ ತೆಗೆದ ಬಾಟಲಿಗಿಂತ 120 ನಿಮಿಷ ಅಥವಾ ಅದಕ್ಕೂ ಮೊದಲು ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನೇ ಎಂದು ತಿಳಿಯಲು ಬಲವಾದ ಆಧಾರ ಸಿಗುತ್ತದೆ. ಬಾಟಲಿಯ ಮೇಲೆ ಮೂಲ ಬರೆಯದಿದ್ದರೆ ಈ ಲೆಕ್ಕವೇ ಸಾಧ್ಯವಿಲ್ಲ.

ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಬಿರಡೆ ಕ್ರಿಮಿಶುದ್ಧವಾಗಿಯೇ ಇರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಅದನ್ನು 70 ಶೇಕಡಾ ಆಲ್ಕೋಹಾಲಿನಿಂದ ಒರೆಸಿ, ಒಣಗಲು ಬಿಟ್ಟು, ಆ ಮೇಲೆ ಸೂಜಿ ಚುಚ್ಚಬೇಕು. ಇನ್ನೂ ಮುಖ್ಯವಾದದ್ದು ತುಂಬುವ ಕ್ರಮ. ಒಂದೇ ಸಿರಿಂಜಿನ ರಕ್ತವನ್ನು ಮೊದಲು ಇತರ ಪರೀಕ್ಷೆಗಳ ಟ್ಯೂಬ್‌ಗಳಿಗೆ ಹಾಕಿ, ಉಳಿದದ್ದನ್ನು ಕಲ್ಚರ್ ಬಾಟಲಿಗೆ ಹಾಕಿದರೆ, ಕ್ರಿಮಿಶುದ್ಧವಲ್ಲದ ಟ್ಯೂಬಿನಲ್ಲಿದ್ದ ಬ್ಯಾಕ್ಟೀರಿಯಾ ಸೂಜಿಯ ಮೂಲಕ ಬಾಟಲಿಗೆ ಸೇರಬಹುದು. ಹೀಗೆ ಹುಟ್ಟಿದ ಹುಸಿ ಸೋಂಕುಗಳು ವೈದ್ಯಕೀಯ ಸಾಹಿತ್ಯದಲ್ಲಿ ಹಲವು ಬಾರಿ ದಾಖಲಾಗಿವೆ. ಆದ್ದರಿಂದ ಕಲ್ಚರ್ ಬಾಟಲಿಗೇ ಮೊದಲ ಸರದಿ.

ಮಾದರಿಯನ್ನು ಆ್ಯಂಟಿಬಯೋಟಿಕ್‌ಗೆ ಮೊದಲೇ ತೆಗೆಯಬೇಕು. ಆದರೆ ರೋಗಿ ರಕ್ತನಂಜಿನಿಂದ ಆಘಾತದ ಸ್ಥಿತಿಗೆ ಇಳಿದಿದ್ದರೆ ಔಷಧ ಒಂದು ಗಂಟೆಯೊಳಗೆ ದೇಹ ಸೇರಲೇಬೇಕು, ರಕ್ತನಾಳ ಸಿಗಲಿಲ್ಲವೆಂದು ಔಷಧವನ್ನು ತಡೆಹಿಡಿಯುವಂತಿಲ್ಲ.

ಹಂತ 2: ಗ್ರಾಂ ಸ್ಟೇನ್ ಫಲಿತಾಂಶವನ್ನು ಹಗುರವಾಗಿ ಕಾಣಬೇಡಿ

ಬಾಟಲಿ ಪಾಸಿಟಿವ್ ಆದಾಗ ಪ್ರಯೋಗಾಲಯದಿಂದ ಬರುವ ಮೊದಲ ಕರೆಯಲ್ಲಿ ಹೆಸರು ಇರುವುದಿಲ್ಲ, ಗ್ರಾಂ ಸ್ಟೇನ್ ಎಂಬ ಬಣ್ಣದ ಪರೀಕ್ಷೆಯಲ್ಲಿ ಕಂಡ ಆಕಾರ ಮತ್ತು ಬಣ್ಣ (ನೇರಳೆಯಾದರೆ ಗ್ರಾಂ ಪಾಸಿಟಿವ್, ಕೆಂಪಾದರೆ ಗ್ರಾಂ ನೆಗೆಟಿವ್) ಮಾತ್ರ ಇರುತ್ತವೆ. ಎಷ್ಟು ಬಾಟಲಿಗಳಲ್ಲಿ ಎಷ್ಟು ಪಾಸಿಟಿವ್, ಎಷ್ಟು ಗಂಟೆಗೆ, ಲೈನಿನದೋ ಕೈಯದೋ ಎಂಬ ಮೂರು ಪ್ರಶ್ನೆಗಳನ್ನು ಆಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಗ್ರಾಂ ನೆಗೆಟಿವ್ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಒಂದೇ ಬಾಟಲಿಯಲ್ಲಿ ಕಂಡರೂ ನಿಜವೆಂದೇ ಭಾವಿಸಿ ಮುಂದುವರಿಯುವುದು ಸುರಕ್ಷಿತ. ಗೊಂಚಲಾಗಿ ಕಾಣುವ ಗ್ರಾಂ ಪಾಸಿಟಿವ್ ಕಾಕೈ (ಗುಂಡಗಿನ ಬ್ಯಾಕ್ಟೀರಿಯಾ) ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿದ್ದು, ರೋಗಿಯ ಸ್ಥಿತಿ ಚೆನ್ನಾಗಿದ್ದರೆ ಅದು ಚರ್ಮದಿಂದ ಸೇರಿದ್ದಿರಬಹುದು. ಆದರೂ ಅದರ ಹೆಸರು ಸ್ಟ್ಯಾಫಿಲೊಕಾಕಸ್ ಲಗ್ಡುನೆನ್ಸಿಸ್ ಎಂದು ಬಂದರೆ ಅದನ್ನು ಸ್ಟ್ಯಾಫಿಲೊಕಾಕಸ್ ಆರಿಯಸ್‌ನಷ್ಟೇ ಗಂಭೀರವಾಗಿ ಪರಿಗಣಿಸಬೇಕು, ಏಕೆಂದರೆ ಅದು ಹೃದಯದ ಕವಾಟಗಳನ್ನು ಹಾಳುಮಾಡುವ ಸ್ವಭಾವದ್ದು.

ಹೆಚ್ಚು ಎಡವುವುದು ಗ್ರಾಂ ಪಾಸಿಟಿವ್ ಕಡ್ಡಿಗಳ ವಿಷಯದಲ್ಲಿ. ಚರ್ಮದ ಮೇಲೆ ಸಾಮಾನ್ಯವಾಗಿರುವ ಜೀವಿಯೆಂದುಕೊಂಡು 'ಡಿಫ್ತೆರಾಯ್ಡ್, ಬಹುಶಃ ಕಲ್ಮಶ' ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ಬಹಳ ಹಳೆಯದು. ಆ ಒಂದು ಸಾಲಿನ ಹಿಂದೆ ಮೂರು ಬೇರೆ ಬೇರೆ ಜೀವಿಗಳು ಅಡಗಿರಬಹುದು. ಮೊದಲನೆಯದು ಕೊರಿನೆಬ್ಯಾಕ್ಟೀರಿಯಂ ಸ್ಟ್ರಯೇಟಂ. ದೀರ್ಘಕಾಲ ವೆಂಟಿಲೇಟರ್ ಮೇಲಿರುವ, ಹಲವು ಆ್ಯಂಟಿಬಯೋಟಿಕ್ ಪಡೆದ ರೋಗಿಗಳಲ್ಲಿ ಇದು ನಿಜವಾದ ಸೋಂಕನ್ನೇ ಉಂಟುಮಾಡುತ್ತದೆ. ಎರಡನೆಯದು ಬ್ಯಾಸಿಲಸ್ ಸೀರಿಯಸ್. ಇದು ತೊಳೆದ ಹಾಸುಬಟ್ಟೆ ಮತ್ತು ಟವೆಲ್‌ಗಳ ಮೂಲಕವೂ ಹರಡಿದ ದಾಖಲೆಗಳಿವೆ, ನವಜಾತ ಶಿಶುಗಳಲ್ಲಿ ಮಿದುಳಿಗೆ ತೀವ್ರ ಹಾನಿ ಮಾಡಬಲ್ಲದು. ಮೂರನೆಯದು ವೇಗವಾಗಿ ಬೆಳೆಯುವ ಮೈಕೊಬ್ಯಾಕ್ಟೀರಿಯಾ ಗುಂಪು. ಮೂರು ನಾಲ್ಕು ದಿನಗಳ ನಂತರ ಪಾಸಿಟಿವ್ ಆದ ಬಾಟಲಿಯಲ್ಲಿ ಸರಿಯಾಗಿ ಬಣ್ಣ ಹಿಡಿಯದ, ಮಣಿಮಣಿಯಂತೆ ತೋರುವ ಕಡ್ಡಿಗಳು ಕಂಡರೆ ಆ್ಯಸಿಡ್-ಫಾಸ್ಟ್ ಸ್ಟೇನ್ ಮಾಡಿಸಲೇಬೇಕು. ಈ ಒಂದು ಸ್ಟೇನ್‌ಗೆ ತಗುಲುವ ಶ್ರಮ ತೀರಾ ಅಲ್ಪ.

ಹಂತ 3: ಯಂತ್ರ ಕೊಟ್ಟ ಹೆಸರನ್ನೂ ಪ್ರಶ್ನಿಸಿ

ಯಂತ್ರವು ತನ್ನ ದತ್ತಸಂಚಯದಲ್ಲಿ ಇರುವ ಹೆಸರುಗಳ ಪೈಕಿ ಹತ್ತಿರದ್ದನ್ನು ಆರಿಸಿ ಕೊಡುತ್ತದೆ, ಅಷ್ಟೆ. ದತ್ತಸಂಚಯದಲ್ಲಿ ಇಲ್ಲದ್ದನ್ನು ಅದು ಹೇಳಲಾರದು. ಎಲಿಜಬೆತ್‌ಕಿಂಗಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಬ್ಯಾಕ್ಟೀರಿಯಾ ತಜ್ಞೆ ಎಲಿಜಬೆತ್ ಕಿಂಗ್ 1959ರಲ್ಲಿ ಬೇರೆ ಹೆಸರಿನಡಿ ವಿವರಿಸಿದ್ದ ಜೀವಿಗೆ 2005ರಲ್ಲಿ ಅವರ ನೆನಪಿನ ಈ ಕುಲನಾಮ ಬಂತು. 2011ರಲ್ಲಿ ಗ್ಯಾಂಬಿಯಾದ ಅನಾಫಿಲಿಸ್ ಸೊಳ್ಳೆಯ ಕರುಳಿನಿಂದ ಪ್ರತ್ಯೇಕಿಸಿದ ಇನ್ನೊಂದು ಪ್ರಭೇದವನ್ನು ಎಲಿಜಬೆತ್‌ಕಿಂಗಿಯಾ ಅನಾಫಿಲಿಸ್ ಎಂದು ಕರೆಯಲಾಯಿತು. ಹಳೆಯ ದತ್ತಸಂಚಯಗಳು ಈ ಎರಡನೆಯದನ್ನು ಗುರುತಿಸದೆ ಎಲ್ಲವನ್ನೂ ಮೊದಲ ಪ್ರಭೇದವಾದ ಮೆನಿಂಗೊಸೆಪ್ಟಿಕಾ ಎಂದೇ ವರದಿ ಮಾಡುತ್ತಿದ್ದವು. ಮುಂದೆ ಜೀನ್ ಅನುಕ್ರಮ ಓದಿ ನೋಡಿದಾಗ ಆಸ್ಪತ್ರೆ ಸೋಂಕುಗಳಲ್ಲಿ ದೊಡ್ಡ ಪಾಲು ಅನಾಫಿಲಿಸ್‌ನದೇ ಎಂದು ತಿಳಿಯಿತು. ಹೆಸರಿನಲ್ಲಿ ಸೊಳ್ಳೆಯಿದ್ದರೂ ರೋಗ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ಪುರಾವೆಯಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ತಪ್ಪು ಹೆಸರು ಕೆಲವೊಮ್ಮೆ ಪ್ರಯೋಗಾಲಯದ ಸಿಬ್ಬಂದಿಗೇ ಅಪಾಯ ತರುತ್ತದೆ. ಬ್ರುಸೆಲ್ಲಾವನ್ನು ಕೆಲವು ಸ್ವಯಂಚಾಲಿತ ಯಂತ್ರಗಳು ಓಕ್ರೊಬ್ಯಾಕ್ಟ್ರಂ ಎಂದು, ಮೆಲಿಯಾಯ್ಡೋಸಿಸ್ ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲ್ಲೈಯನ್ನು ಅದೇ ಕುಲದ ಬೇರೆ ಪ್ರಭೇದವೆಂದು ತೋರಿಸಿದ್ದುಂಟು. ಇಂತಹ ಹೆಸರು ಬಂದಾಗ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯನ್ನು ತೆರೆದ ಮೇಜಿನ ಮೇಲೆ ನಿರ್ವಹಿಸುವುದನ್ನೂ ಮೂಸಿ ನೋಡುವುದನ್ನೂ ನಿಲ್ಲಿಸಿ, ಜೈವಿಕ ಸುರಕ್ಷತಾ ಕ್ಯಾಬಿನೆಟ್‌ಗೆ ವರ್ಗಾಯಿಸಬೇಕು. ಸಂದೇಹ ಉಳಿದರೆ ಜೀನ್ ಓದಿ ಬ್ಯಾಕ್ಟೀರಿಯಾವನ್ನು ಗುರುತಿಸುವ 16ಎಸ್ ಆರ್‌ಆರ್‌ಎನ್‌ಎ ಅನುಕ್ರಮ ಪರೀಕ್ಷೆಗಾಗಿ ಮೇಲ್ಮಟ್ಟದ ಪ್ರಯೋಗಾಲಯಕ್ಕೆ ಕಳುಹಿಸಬೇಕು.

ಹಂತ 4: ಸೋಂಕೋ, ಕಲ್ಮಶವೋ, ಹುಸಿ ಹರಡುವಿಕೆಯೋ ತೀರ್ಮಾನಿಸಿ

ಜ್ವರ, ಚಳಿ, ರಕ್ತದೊತ್ತಡದ ಕುಸಿತ, ಹೆಚ್ಚುತ್ತಿರುವ ಲ್ಯಾಕ್ಟೇಟ್, ಒಂದಕ್ಕಿಂತ ಹೆಚ್ಚು ಬಾಟಲಿಗಳಲ್ಲಿ ಅದೇ ಜೀವಿ ಎಂಬ ಲಕ್ಷಣಗಳು ನಿಜವಾದ ಸೋಂಕಿನತ್ತ ಬೊಟ್ಟುಮಾಡುತ್ತವೆ. ಲೈನನ್ನು ಫ್ಲಶ್ ಮಾಡಿದ (ಸಲೈನ್ ಹಾಯಿಸಿದ) ಸ್ವಲ್ಪ ಹೊತ್ತಿನಲ್ಲೇ ಚಳಿ ನಡುಕ ಬಂದರೆ ಲೈನು ಅಥವಾ ಅದರೊಳಗೆ ಹೋದ ದ್ರವದ ಮೇಲೆ ಅನುಮಾನ ಪಡಬೇಕು. ಶುಶ್ರೂಷಕಿಯರ ಟಿಪ್ಪಣಿಯಲ್ಲಿ ಈ ಸಮಯದ ನಂಟು ಹಲವು ಸಲ ದಾಖಲಾಗಿರುತ್ತದೆ, ಅದನ್ನು ಓದುವ ವ್ಯವಧಾನ ವೈದ್ಯರಿಗೆ ಇರಬೇಕು.

ಇದಕ್ಕೆ ವಿರುದ್ಧವಾಗಿ, ಹಲವು ರೋಗಿಗಳಲ್ಲಿ ಒಂದೇ ವಾರದಲ್ಲಿ ಒಂದೇ ಅಪರೂಪದ ಜೀವಿ ಬೆಳೆದು, ಅವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಿದ್ದರೆ, ಅದು ರೋಗಿಗಳ ರಕ್ತದಿಂದಲ್ಲದೆ ಬಾಟಲಿಯಿಂದ, ಚರ್ಮ ಒರೆಸಿದ ದ್ರವದಿಂದ ಅಥವಾ ಟ್ಯೂಬಿನಿಂದ ಬಂದಿರಬಹುದು. 1980ರ ದಶಕದಲ್ಲಿ ಪೊವಿಡೋನ್ ಅಯೋಡಿನ್ ದ್ರವದಲ್ಲಿಯೇ ಇಂದಿನ ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಬದುಕಿದ್ದು ಹುಸಿ ಸೋಂಕುಗಳಿಗೆ ಕಾರಣವಾದದ್ದು ಪ್ರಸಿದ್ಧ ಪ್ರಕರಣ. ಹುಸಿ ಎಂದು ಗೊತ್ತಾದ ಮಾತ್ರಕ್ಕೆ ನಿರಾಳವಾಗುವಂತಿಲ್ಲ. ಇಂದು ಬಾಟಲಿಗೆ ಇಳಿದದ್ದು ನಾಳೆ ರಕ್ತನಾಳಕ್ಕೂ ಇಳಿಯಬಹುದು.

ಹಂತ 5: ಹೆಸರಿಗೆ ತಕ್ಕ ಔಷಧ

ಈ ಗುಂಪಿನ ಬ್ಯಾಕ್ಟೀರಿಯಾಗಳ ವಿಚಿತ್ರವೆಂದರೆ, ಐಸಿಯುವಿನಲ್ಲಿ ಕೊನೆಯ ಅಸ್ತ್ರ ಎಂದು ಬಳಸುವ ಔಷಧಗಳೇ ಇಲ್ಲಿ ಕೆಲಸಕ್ಕೆ ಬಾರದಿರುವುದು. ಎಲಿಜಬೆತ್‌ಕಿಂಗಿಯಾದ ವಂಶವಾಹಿಯಲ್ಲಿಯೇ ಕಾರ್ಬಪೆನೆಮ್ ಒಡೆಯುವ ಎರಡು ಮೆಟಾಲೊ ಬೀಟಾ ಲ್ಯಾಕ್ಟಮೇಸ್ ಕಿಣ್ವಗಳಿವೆ, ಕೊಲಿಸ್ಟಿನ್‌ಗೂ ಅದು ಬಗ್ಗುವುದಿಲ್ಲ. ಮೆರೊಪೆನೆಮ್ ಮತ್ತು ಕೊಲಿಸ್ಟಿನ್ ಎರಡನ್ನೂ ಪಡೆಯುತ್ತಿರುವ ರೋಗಿಗೆ ಹೊಸದಾಗಿ ಗ್ರಾಂ ನೆಗೆಟಿವ್ ಸೋಂಕು ಬಂದರೆ ಮೊದಲು ನೆನಪಾಗಬೇಕಾದ ಹೆಸರುಗಳಲ್ಲಿ ಇದೂ ಒಂದು. ಮಿನೊಸೈಕ್ಲಿನ್, ಲೆವೊಫ್ಲಾಕ್ಸಸಿನ್, ರಿಫಾಂಪಿಸಿನ್, ಕೊ-ಟ್ರೈಮಾಕ್ಸಜೋಲ್, ಪಿಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಇವುಗಳಲ್ಲಿ ಯಾವುದು ಸಲ್ಲುತ್ತದೆ ಎಂಬುದು ತಳಿಯಿಂದ ತಳಿಗೆ ಬದಲಾಗುವುದರಿಂದ ಎಂಐಸಿ (ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ನೋಡಿಯೇ ನಿರ್ಧರಿಸಬೇಕು. ಇದಕ್ಕೆ ಔಷಧದ ಬಿಲ್ಲೆ ಇಟ್ಟು ನೋಡುವ ಡಿಸ್ಕ್ ವಿಧಾನದ ಫಲಿತಾಂಶವನ್ನು ನಂಬಿ ಕೂರುವುದು ಸರಿಯಲ್ಲ.

ಸ್ಟೆನೊಟ್ರೊಫೊಮೊನಾಸ್ ಮಾಲ್ಟೊಫಿಲಿಯಾ ಕೂಡ ಕಾರ್ಬಪೆನೆಮ್‌ಗೆ ಸ್ವಭಾವತಃ ನಿರೋಧಕ. ಕೊ-ಟ್ರೈಮಾಕ್ಸಜೋಲ್, ಮಿನೊಸೈಕ್ಲಿನ್, ಲೆವೊಫ್ಲಾಕ್ಸಸಿನ್, ಸೆಫಿಡೆರೊಕಾಲ್ ಇವುಗಳಲ್ಲಿ ಎರಡನ್ನು ಜೊತೆಗೂಡಿಸುವುದನ್ನು ಅಮೆರಿಕದ ಸೋಂಕುರೋಗ ತಜ್ಞರ ಸಂಘದ ಮಾರ್ಗಸೂಚಿ ಸಲಹೆ ಮಾಡುತ್ತದೆ. ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಗುಂಪಿಗೆ ಕೊಲಿಸ್ಟಿನ್ ನಾಟುವುದಿಲ್ಲ, ಕೊ-ಟ್ರೈಮಾಕ್ಸಜೋಲ್, ಸೆಫ್ಟಾಜಿಡೀಮ್, ಮೆರೊಪೆನೆಮ್ ಸಾಮಾನ್ಯ ಆಯ್ಕೆಗಳು. ಸೆರೇಷಿಯಾಕ್ಕೂ ಕೊಲಿಸ್ಟಿನ್ ವ್ಯರ್ಥ.

ಗ್ರಾಂ ಪಾಸಿಟಿವ್ ಪೈಕಿ ಕೊರಿನೆಬ್ಯಾಕ್ಟೀರಿಯಂ ಸ್ಟ್ರಯೇಟಂಗೆ ವ್ಯಾಂಕೊಮೈಸಿನ್ ಸಾಮಾನ್ಯವಾಗಿ ಫಲಿಸುತ್ತದೆ. ಡಾಪ್ಟೊಮೈಸಿನ್ ಆರಂಭದ ವರದಿಯಲ್ಲಿ ಸೂಕ್ತವೆಂದು ಕಂಡರೂ ಚಿಕಿತ್ಸೆಯ ನಡುವೆಯೇ ಉನ್ನತ ಮಟ್ಟದ ನಿರೋಧಕತೆ ಬೆಳೆಯುವುದರಿಂದ ಅದನ್ನು ಒಂಟಿಯಾಗಿ ಬಳಸದಿರುವುದು ಲೇಸು. ಲ್ಯುಕೊನೊಸ್ಟಾಕ್ ಸೂಕ್ಷ್ಮದರ್ಶಕದಲ್ಲಿ ಸ್ಟ್ರೆಪ್ಟೊಕಾಕಸ್‌ನಂತೆಯೇ ಕಾಣುತ್ತದೆ, ಆದರೆ ಅದಕ್ಕೆ ವ್ಯಾಂಕೊಮೈಸಿನ್ ಏನೂ ಮಾಡದು, ಪೆನ್ಸಿಲಿನ್ ಅಥವಾ ಆ್ಯಂಪಿಸಿಲಿನ್ ಸಾಕಾಗುತ್ತದೆ.

ಹಳೆಯ ಹೆಸರುಗಳೇ ಹೊಸ ರೂಪ ತಾಳಿ ಬರುವುದೂ ಇದೆ, ನನ್ನ ಅಂದಾಜಿನಲ್ಲಿ ಸಂಖ್ಯೆಯ ದೃಷ್ಟಿಯಿಂದ ದೊಡ್ಡ ಅಪಾಯ ಅದೇ. ಹೆಚ್ಚು ಮಾರಕವಾದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ತಳಿಗಳು ಈಗ ಕಾರ್ಬಪೆನೆಮ್ ನಿರೋಧಕ ಜೀನ್‌ಗಳನ್ನೂ ಹೊತ್ತು ಬರುತ್ತಿವೆ. ಇವುಗಳಲ್ಲಿ ಎಸ್‌ಟಿ23 ತಳಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಚ್ಚರಿಕೆ ನೀಡಿತು. ಇಂತಹ ತಳಿಯಲ್ಲಿ ಕಾರ್ಬಪೆನೆಮ್ ಒಡೆಯುವ ಯಾವ ಕಿಣ್ವವಿದೆ ಎಂದು ತಿಳಿಯದೆ ಔಷಧ ಆರಿಸುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಓಎಕ್ಸ್‌ಎ-48 ಎಂಬ ಕಿಣ್ವ ಇದ್ದರೆ ಸೆಫ್ಟಾಜಿಡೀಮ್-ಅವಿಬ್ಯಾಕ್ಟಮ್ ಸಾಕಾಗಬಹುದು, ಎನ್‌ಡಿಎಂ ಎಂಬುದು ಇದ್ದರೆ ಅದರೊಂದಿಗೆ ಅಜ್ಟ್ರಿಯೊನಾಮ್ ಕೂಡ ಬೇಕು. ಕಾರ್ಬಪೆನೆಮ್ ನಿರೋಧಕ ಅಸಿನೆಟೊಬ್ಯಾಕ್ಟರ್‌ಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಲ್‌ಬ್ಯಾಕ್ಟಮ್-ಡರ್ಲೊಬ್ಯಾಕ್ಟಮ್ ಹೊಸ ದಾರಿ ತೆರೆದಿದೆ. ಕೊಲಿಸ್ಟಿನ್ ಪರೀಕ್ಷೆಯನ್ನು ಪೋಷಕ ದ್ರವದಲ್ಲಿ ಔಷಧವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡುವ ಬ್ರಾತ್ ಮೈಕ್ರೊಡೈಲ್ಯೂಷನ್ ವಿಧಾನದಲ್ಲಿಯೇ ಮಾಡಬೇಕು, ಡಿಸ್ಕ್ ಮತ್ತು ಪಟ್ಟಿ ವಿಧಾನಗಳು ನಂಬಲರ್ಹವಲ್ಲ.

ಹಂತ 6: ಲೈನ್ ತೆಗೆಯುವ ನಿರ್ಧಾರವನ್ನು ಮುಂದೂಡಬೇಡಿ

ನೀರಿನಲ್ಲಿ ಬದುಕುವ ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ಕಿನ ಮೇಲೆ ಜೈವಿಕ ಪೊರೆ ಕಟ್ಟುವುದರಲ್ಲಿ ನಿಪುಣ. ಪೊರೆಯೊಳಗಿನ ಜೀವಿಯನ್ನು ಔಷಧ ಸುಲಭವಾಗಿ ತಲುಪದು. ಸ್ಟ್ಯಾಫಿಲೊಕಾಕಸ್ ಆರಿಯಸ್, ಸ್ಯೂಡೊಮೊನಾಸ್, ಮೈಕೊಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಬೆಳೆದಾಗ ಲೈನ್ ತೆಗೆಯಬೇಕೆಂಬುದು ಬಹುಕಾಲದ ನಿಯಮ, ಸ್ಟೆನೊಟ್ರೊಫೊಮೊನಾಸ್, ಬರ್ಕ್‌ಹೋಲ್ಡೇರಿಯಾ, ಬ್ಯಾಸಿಲಸ್‌ಗಳಿಗೂ ಅದೇ ನಡೆ ಸರಿ. ಬೇರೆ ರಕ್ತನಾಳ ಸಿಗದ ರೋಗಿಯಲ್ಲಿ ಇದು ಕಷ್ಟದ ತೀರ್ಮಾನ ಎಂಬುದು ನಿಜ. ಆಗ ಕನಿಷ್ಠ ಪಕ್ಷ ಕಾರಣವನ್ನು ಕೇಸ್ ಶೀಟಿನಲ್ಲಿ ಬರೆದು, ಪ್ರತಿದಿನ ಮರುಪರಿಶೀಲಿಸಬೇಕು. ಸರಿಯಾದ ಔಷಧ ಆರಂಭವಾಗಿ 72 ಗಂಟೆಗಳ ನಂತರವೂ ಕಲ್ಚರ್ ಪಾಸಿಟಿವ್ ಆಗಿಯೇ ಉಳಿದರೆ ಹೃದಯದ ಕವಾಟ, ರಕ್ತನಾಳದೊಳಗಿನ ಹೆಪ್ಪು, ಬೆನ್ನುಮೂಳೆ ಇವುಗಳಲ್ಲಿ ಸೋಂಕು ನೆಲೆಸಿದೆಯೇ ಎಂದು ಹುಡುಕಬೇಕು.

ಹಂತ 7: ಎಲ್ಲಿಂದ ಬಂತು ಎಂದು ಪತ್ತೆಹಚ್ಚಿ

ಅಪರೂಪದ ಜೀವಿಯಾದರೆ, ಒಂದೇ ಘಟಕದಲ್ಲಿ ಕೆಲವು ವಾರಗಳೊಳಗೆ ಎರಡು ಪ್ರಕರಣ ಕಂಡರೂ ತನಿಖೆಗೆ ಸಾಕು, ಮೂರನೆಯದಕ್ಕೆ ಕಾಯಬೇಕಾಗಿಲ್ಲ. ಮೊಟ್ಟಮೊದಲು ಪ್ರಯೋಗಾಲಯಕ್ಕೆ ಫೋನ್ ಮಾಡಿ, ಎಲ್ಲ ತಳಿಗಳನ್ನೂ ಎಸೆಯದೆ ಮೈನಸ್ 70 ಡಿಗ್ರಿಯಲ್ಲಿ ಕಾಪಿಡುವಂತೆ ಹೇಳಬೇಕು. ತಳಿ ಕೈತಪ್ಪಿದರೆ ಎರಡು ಪ್ರಕರಣಗಳ ನಂಟನ್ನು ವಂಶವಾಹಿ ಮಟ್ಟದಲ್ಲಿ ಸಾಬೀತುಪಡಿಸುವ ಅವಕಾಶವೇ ಹೋಗಿಬಿಡುತ್ತದೆ.

ಬಳಿಕ ಒಂದು ಸರಳ ಪಟ್ಟಿ ಮಾಡಬೇಕು: ಯಾವ ಹಾಸಿಗೆ, ಯಾವ ದಿನಾಂಕ, ಯಾವ ಲೈನ್, ಯಾರು ಹಾಕಿದ್ದು, ಯಾವ ಔಷಧಗಳು ಯಾವ ಬ್ಯಾಚ್ ಸಂಖ್ಯೆಯವು, ಡಯಾಲಿಸಿಸ್ ಆಗಿತ್ತೇ, ನೆಬ್ಯುಲೈಸರ್ ಬಳಸಿದ್ದರೇ, ಅಲ್ಟ್ರಾಸೌಂಡ್ ಜೆಲ್ ಯಾವುದು. ಹುಡುಕಾಟ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಜೀವಿಯ ಹೆಸರೇ ಸೂಚಿಸುತ್ತದೆ. ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎಂದರೆ ಕಾರ್ಖಾನೆಯಿಂದ ಬಂದ ದ್ರವದ ಮೇಲೆ ಮೊದಲ ಕಣ್ಣಿಡಬೇಕು. ಅಮೆರಿಕದಲ್ಲಿ 2016ರಲ್ಲಿ ಮಲಬದ್ಧತೆಗೆ ಕೊಡುವ ದ್ರವ ಔಷಧವೊಂದು ಮತ್ತು ಸಲೈನ್ ತುಂಬಿಸಿಟ್ಟ ಫ್ಲಶ್ ಸಿರಿಂಜ್‌ಗಳು, 2021ರಲ್ಲಿ ಅಲ್ಟ್ರಾಸೌಂಡ್ ಜೆಲ್ ಈ ಗುಂಪಿನ ಬ್ಯಾಕ್ಟೀರಿಯಾದಿಂದ ಕಲುಷಿತಗೊಂಡು ಅನೇಕ ಆಸ್ಪತ್ರೆಗಳಲ್ಲಿ ಸೋಂಕು ಹರಡಿತು. ಸೆಂಟ್ರಲ್ ಲೈನ್ ಹಾಕುವಾಗ ಬಳಸುವ ಜೆಲ್ ಒಂದೇ ಬಳಕೆಯ, ಕ್ರಿಮಿಶುದ್ಧ ಪೊಟ್ಟಣದ್ದೇ ಆಗಿರಬೇಕು, ದೊಡ್ಡ ಬಾಟಲಿಯಿಂದ ಹಿಂಡುವ ಜೆಲ್ ಅಲ್ಲ. ರಾಲ್‌ಸ್ಟೋನಿಯಾ 0.2 ಮೈಕ್ರಾನ್ ಫಿಲ್ಟರ್ ದಾಟಬಲ್ಲದಾದ್ದರಿಂದ ಸಲೈನ್, ಇಂಜೆಕ್ಷನ್‌ಗೆ ಬಳಸುವ ನೀರು, ಆಮ್ಲಜನಕದ ಹ್ಯುಮಿಡಿಫೈಯರ್ ಇವುಗಳನ್ನು ನೋಡಬೇಕು. ಸೆರೇಷಿಯಾ ಬಂದರೆ ಪ್ರೊಪೊಫಾಲ್, ಸೋಪಿನ ಡಿಸ್ಪೆನ್ಸರ್, ನೀರು ಬೆರೆಸಿ ತೆಳುವಾಗಿಸಿದ ಸೋಂಕುನಿವಾರಕಗಳತ್ತ ಗಮನ ಹರಿಸಬೇಕು. ಬ್ಯಾಸಿಲಸ್ ಸೀರಿಯಸ್ ಬಂದರೆ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗಬೇಕು, ಜೊತೆಗೆ ಅದರ ಬೀಜಕಗಳನ್ನು ಆಲ್ಕೋಹಾಲ್ ಹ್ಯಾಂಡ್‌ರಬ್ ಕೊಲ್ಲದು, ಸೋಪು ನೀರಿನಿಂದಲೇ ಕೈತೊಳೆಯಬೇಕು ಎಂದು ಸಿಬ್ಬಂದಿಗೆ ತಿಳಿಸಬೇಕು.

ಎಲಿಜಬೆತ್‌ಕಿಂಗಿಯಾ, ಸ್ಟೆನೊಟ್ರೊಫೊಮೊನಾಸ್, ಕಾರ್ಬಪೆನೆಮ್ ನಿರೋಧಕ ಕ್ಲೆಬ್ಸಿಯೆಲ್ಲಾ ಇವುಗಳ ವಿಷಯದಲ್ಲಿ ಕೈತೊಳೆಯುವ ಸಿಂಕೇ ಮೊದಲ ಆರೋಪಿ. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನಿಂತಿರುವ ನೀರಿನಲ್ಲಿ ಜೈವಿಕ ಪೊರೆ ಬೆಳೆಯುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೋಷಕಾಂಶ ಸಿಕ್ಕಾಗ ಆ ಪೊರೆ ದಿನಕ್ಕೆ ಸುಮಾರು 2.5 ಸೆಂ.ಮೀ.ನಂತೆ ಮೇಲಕ್ಕೆ ಬೆಳೆದು ಜಾಲರಿಯನ್ನು ತಲುಪಿತು. ಅಲ್ಲಿಗೆ ತಲುಪಿದ ಮೇಲೆ ನಲ್ಲಿಯ ನೀರು ಬಿದ್ದ ರಭಸಕ್ಕೆ ಬ್ಯಾಕ್ಟೀರಿಯಾ ಹನಿಗಳಾಗಿ ಸುತ್ತ ಸಿಡಿಯಿತು. ಪೋಷಕಾಂಶ ಒದಗಿಸುವವರು ನಾವೇ: ಉಳಿದ ಡೆಕ್ಸ್‌ಟ್ರೋಸ್ ಡ್ರಿಪ್, ಮೂಗಿನ ಕೊಳವೆಯ ಆಹಾರ, ಅರ್ಧ ಕುಡಿದ ಕಾಫಿ ಎಲ್ಲವೂ ಆ ಸಿಂಕಿಗೇ ಹೋಗುತ್ತವೆ. ಆದ್ದರಿಂದ ಕೈತೊಳೆಯುವ ಸಿಂಕಿನಲ್ಲಿ ಕೈತೊಳೆಯುವುದನ್ನು ಬಿಟ್ಟು ಬೇರೇನನ್ನೂ ಮಾಡಬಾರದು, ಅದರಿಂದ ಒಂದು ಮೀಟರ್ ಅಂತರದೊಳಗೆ ಇಂಜೆಕ್ಷನ್ ಸಿದ್ಧಪಡಿಸಬಾರದು, ಸಿರಿಂಜ್, ಗಾಜ್ ಇಡಬಾರದು. ನೆದರ್ಲೆಂಡ್ಸ್‌ನ ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯ ಆಸ್ಪತ್ರೆ 2014ರಲ್ಲಿ ಐಸಿಯು ಕೊಠಡಿಗಳಿಂದ ಸಿಂಕ್‌ಗಳನ್ನೇ ತೆಗೆಸಿತು, ಆ ಬಳಿಕ ರೋಗಿಗಳಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ನೆಲೆಸುವುದು ಕಡಿಮೆಯಾಯಿತು. ಎಲ್ಲರಿಗೂ ಅದು ಸಾಧ್ಯವಿಲ್ಲ, ಆದರೆ ಔಷಧದ ಟ್ರೇಯನ್ನು ಸಿಂಕಿನ ಪಕ್ಕದಿಂದ ಸರಿಸುವುದಕ್ಕೆ ಹಣವೇನೂ ಬೇಕಾಗುವುದಿಲ್ಲ.

ಮಾದರಿ ಸಂಗ್ರಹಿಸುವಾಗ ನಲ್ಲಿಯ ನೀರನ್ನಷ್ಟೇ ಪರೀಕ್ಷಿಸಿ 'ಏನೂ ಸಿಗಲಿಲ್ಲ' ಎಂದು ಕಡತ ಮುಚ್ಚುವುದು ಸಾಮಾನ್ಯ ತಪ್ಪು. ಜಾಲರಿ, ಕೊಳವೆಯ ಒಳಗೋಡೆ, ನಲ್ಲಿಯ ತುದಿಯ ಜರಡಿ ಇವುಗಳನ್ನು ಸ್ವಾಬ್‌ನಿಂದ ಉಜ್ಜಿ ತೆಗೆಯಬೇಕು. ದ್ರವಗಳಲ್ಲಿ ತೆರೆದ ಬಾಟಲಿಯನ್ನೂ ಅದೇ ಬ್ಯಾಚಿನ ತೆರೆಯದ ಬಾಟಲಿಯನ್ನೂ ಕಳುಹಿಸಬೇಕು. ತೆರೆಯದ್ದರಲ್ಲೂ ಬೆಳೆದರೆ ತಪ್ಪು ವಾರ್ಡಿನದಲ್ಲ, ತಯಾರಿಕೆಯದು, ಆಗ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಅಂದೇ ತಿಳಿಸಬೇಕು. ಎಷ್ಟು ಹುಡುಕಿದರೂ ಮೂಲ ಸಿಗದಿರುವುದೂ ಉಂಟು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2015-16ರಲ್ಲಿ ಎಲಿಜಬೆತ್‌ಕಿಂಗಿಯಾ ಅನಾಫಿಲಿಸ್ 60ಕ್ಕೂ ಹೆಚ್ಚು ಜನರಿಗೆ ತಗುಲಿದಾಗ ವ್ಯಾಪಕ ತನಿಖೆ ನಡೆದರೂ ಮೂಲ ಪತ್ತೆಯಾಗಲೇ ಇಲ್ಲ.

ಹಂತ 8: ದಿನನಿತ್ಯದ ಲೈನ್ ಆರೈಕೆ ಮತ್ತು ವರ್ಗಾವಣೆ

ಇಲ್ಲಿ ಹೊಸದೇನಿಲ್ಲ: ಲೈನ್ ಹಾಕುವಾಗ ಕೈಶುದ್ಧಿ, ಪೂರ್ಣ ರಕ್ಷಣಾ ಹೊದಿಕೆ, ಕ್ಲೋರ್‌ಹೆಕ್ಸಿಡಿನ್-ಆಲ್ಕೋಹಾಲ್, ತೊಡೆಸಂದಿನ ರಕ್ತನಾಳವನ್ನು ಆದಷ್ಟು ತಪ್ಪಿಸುವುದು, ಪ್ರತಿ ಬಳಕೆಗೆ ಮುನ್ನ ಹಬ್ (ಸಿರಿಂಜ್ ಜೋಡಿಸುವ ಲೈನಿನ ತುದಿ) ಉಜ್ಜುವುದು, ಬೇಡವಾದ ಲೈನನ್ನು ಅಂದೇ ತೆಗೆಯುವುದು. ಈ ಬಗೆಯ ಚೆಕ್‌ಲಿಸ್ಟ್ ಮಿಷಿಗನ್‌ನ ಐಸಿಯುಗಳಲ್ಲಿ ಲೈನ್ ಸೋಂಕನ್ನು ಗಣನೀಯವಾಗಿ ಇಳಿಸಿತೆಂದು 2006ರಲ್ಲಿಯೇ ಪ್ರಕಟವಾಗಿದೆ. ಬಹುಬಳಕೆಯ ವಯಲ್‌ಗಳನ್ನು ಒಬ್ಬ ರೋಗಿಗೆ ಮೀಸಲಿಡಬೇಕು, ಒಂದೇ ಸಲೈನ್ ಬಾಟಲಿಯಿಂದ ಹಲವರಿಗೆ ಫ್ಲಶ್ ಎಳೆಯುವುದನ್ನು ಪೂರ್ಣವಾಗಿ ನಿಲ್ಲಿಸಬೇಕು.

ರೋಗಿಯನ್ನು ಬೇರೆ ವಾರ್ಡಿಗೋ ಆಸ್ಪತ್ರೆಗೋ ಕಳುಹಿಸುವಾಗ ಪತ್ರದಲ್ಲಿ 'ಸೆಪ್ಸಿಸ್, ಚಿಕಿತ್ಸೆ ನೀಡಲಾಗಿದೆ' ಎಂದಷ್ಟೇ ಬರೆದರೆ ಸಾಲದು. ಬ್ಯಾಕ್ಟೀರಿಯಾದ ಪೂರ್ತಿ ಹೆಸರು, ಮೊದಲ ಪಾಸಿಟಿವ್ ಮತ್ತು ಮೊದಲ ನೆಗೆಟಿವ್ ಕಲ್ಚರಿನ ದಿನಾಂಕಗಳು, ಪತ್ತೆಯಾದ ನಿರೋಧಕ ಕಿಣ್ವ, ಲೈನ್ ತೆಗೆದ ದಿನ, ಔಷಧದ ಎಷ್ಟನೆಯ ದಿನ ಎಂಬುದನ್ನೆಲ್ಲ ಬರೆಯಬೇಕು. ಕಾರ್ಬಪೆನೆಮ್ ನಿರೋಧಕ ಜೀವಿಯಾಗಿದ್ದರೆ, ಆ್ಯಂಬುಲೆನ್ಸ್ ಹೊರಡುವ ಮೊದಲೇ ಆ ಆಸ್ಪತ್ರೆಯ ಸೋಂಕು ನಿಯಂತ್ರಣ ತಂಡಕ್ಕೆ ಫೋನ್ ಮಾಡಿ ಪ್ರತ್ಯೇಕ ಕೊಠಡಿ ಸಿದ್ಧವಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.